ಕೈ ತೆಗೆದ ಮೇಲಿನ ನೀರು

ಲಾಂಡ್ರಿ ಅಕ್ಕನಿಗೆ ನೀರಿನ ವಿಚಾರದಲ್ಲಿ ಬುದ್ಧಿ ಹೇಳಲು ಹೋಗಿ ಗೆದ್ದು ಬಂದವರಿಲ್ಲ. ಹಾಗಂತ ಅವಳು ಜಗಳಗಂಟಿಯಲ್ಲ. ಮೂವತ್ತೊಂದು ವರ್ಷ ನೀರಿನಲ್ಲಿ ಕೈ ಅದ್ದಿಕೊಂಡೇ ಬದುಕಿದವಳು, ಅಷ್ಟೇ. ಬಟ್ಟೆಯ ಅಂಚನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿದರೆ ಸಾಕು, ಅದಕ್ಕೆ ಎಷ್ಟು ಬಿಸಿ ಬೇಕು, ಎಷ್ಟು ಹೊತ್ತು ಬೇಕು, ಮೆಷಿನ್ನಿನ ಎಷ್ಟು ತಿರುಗಾಟ ತಡೆಯುತ್ತದೆ ಅಂತ ಹೇಳಿಬಿಡುತ್ತಿದ್ದಳು. ಅವಳ ಮಾತು ತಪ್ಪಿದ್ದು ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ನೆನಪಿದ್ದವರೂ ಮುಂದಿನ ವಾರ ಗಂಟು ಹೊತ್ತು ಮತ್ತೆ ಅಲ್ಲಿಗೇ ಬರಬೇಕಾದ್ದರಿಂದ ಬಾಯಿ ಬಿಡುತ್ತಿರಲಿಲ್ಲ.

ಅಂಗಡಿ ಕೆಳಗೆ, ಮನೆ ಮೇಲೆ. ಕೆಳಗೆ ಮೂರು ದೊಡ್ಡ ಮೆಷಿನ್ನು, ಗೋಡೆಯುದ್ದಕ್ಕೂ ಚೀಟಿ ಸಿಕ್ಕಿಸಿದ ಗಂಟುಗಳು, ಕಿಟಕಿಯ ಪಕ್ಕ ಗಂಡನ ಇಸ್ತ್ರಿ ಮೇಜು. ಗಂಡನದು ಮಾತು ಕಡಿಮೆ. ಯಾಕೆ ಅಂತ ಯಾರಾದರೂ ಕೇಳಿದರೆ, "ಮನೇಲಿ ಒಬ್ಬರು ಮಾತಾಡಿದ್ರೆ ಸಾಲ್ದಾ?" ಅನ್ನುತ್ತಿದ್ದ. ಮಗ ವ್ಯಾನಿನಲ್ಲಿ ಮನೆಮನೆಗೆ ಬಟ್ಟೆ ತಲುಪಿಸುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳು ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಮೇಲ್ವಿಚಾರಕ ಹಾಸಿಗೆ ಬಟ್ಟೆ, ಪರದೆ, ಮಕ್ಕಳ ಉಣ್ಣೆ ಹೊದಿಕೆ ಎಲ್ಲವನ್ನೂ ಒಂದೇ ಡ್ರಮ್ಮಿಗೆ ತುರುಕಿ ಒಂದೇ ಗುಂಡಿ ಒತ್ತುತ್ತಿದ್ದ. ಹೊದಿಕೆಗಳು ಗೋಣಿತಟ್ಟಾಗಿ ಹೊರಗೆ ಬರುತ್ತಿದ್ದವು. ಆರು ತಿಂಗಳು ನೋಡಿದಳು, ಏಳನೆಯ ತಿಂಗಳು ಕಡ್ಡಿ ಮುರಿದಂತೆ ಹೇಳಿದಳು, "ಸಾರ್, ಬಟ್ಟೆಗೂ ಮೈ ಅಂತ ಒಂದು ಇರುತ್ತೆ." ಅವನು ನಕ್ಕ. ಅವಳು ಮಾರನೆಯ ದಿನದಿಂದ ಹೋಗಲಿಲ್ಲ. ಆಮೇಲೆ ಹಾಕಿದ್ದೇ ಈ ಅಂಗಡಿ.

ಹವಳದ ಸಹವಾಸ ಅವಳಿಗೆ ಅಂಟಿದ್ದು ಕೊಳಕು ಬಟ್ಟೆಯ ಮೂಲಕವೇ. ಪಕ್ಕದ ಬೀದಿಯಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದ ಒಬ್ಬ ನರಪೇತಲ ವಾರಕ್ಕೊಮ್ಮೆ ಬಕೆಟ್ಟು ತುಂಬ ಬಿಳಿ ಚೀಲಗಳನ್ನು ತರುತ್ತಿದ್ದ. ಉಪ್ಪುನೀರಿನ ತೊಟ್ಟಿಗಳಲ್ಲಿ ಕಸ ಸೋಸಲು ಹಾಕುವ ಚೀಲಗಳು. "ಅಕ್ಕ, ಸೋಪು ಒಂದು ಹನಿನೂ ಬೇಡ, ಬರೀ ಬಿಸಿನೀರು. ಸೋಪು ತಾಕಿದ್ರೆ ನನ್ನ ಹವಳ ಎಲ್ಲಾ ಸತ್ತುಹೋಗುತ್ತೆ" ಅಂತ ಪ್ರತಿ ಸಲವೂ ಹೇಳುತ್ತಿದ್ದ. ಹತ್ತು ಸಲ ಕೇಳಿದ ಮೇಲೆ ಅವಳಿಗೆ ರೇಗಿತು. ಸೋಪು ತಾಳದ ಈ ಮಹಾರಾಣಿ ಯಾರು, ನೋಡಿಯೇ ಬರೋಣ ಅಂತ ಒಗೆದ ಚೀಲಗಳನ್ನು ತಾನೇ ಹೊತ್ತು ಹೋದಳು.

ಹವಳ ಅಂದರೆ ಸರಕ್ಕೆ ಪೋಣಿಸುವ ಕೆಂಪು ಮಣಿ ಅಂತಷ್ಟೇ ತಿಳಿದಿದ್ದವಳು ಅವಳು. ಅಲ್ಲಿ ನೀಲಿ ಬೆಳಕಿನ ಕೆಳಗೆ ಅದು ಜೀವಂತವಾಗಿತ್ತು. ಕೆಳಗೆ ಮೂಳೆಯಂಥ ಬುಡ, ಮೇಲೆ ಮೆತ್ತನೆಯ ಮೈ, ಮೈಯಿಂದ ನೂರಾರು ಬೆರಳು. ಕೆಲವು ಅಂಗೈಯಂತೆ ಅಗಲ, ಕೆಲವು ಮರದ ಕೊಂಬೆಯಂತೆ ಗಟ್ಟಿ. ಲಾಂಡ್ರಿ ಅಕ್ಕ ಬಾಯಿ ತೆರೆದುಕೊಂಡು ಎಷ್ಟೋ ಹೊತ್ತು ನಿಂತಳು. ಆಮೇಲೆ ಅವಳ ಕಣ್ಣು ಒಂದು ಮೂಲೆಗೆ ಹೋಯಿತು.

"ಇದ್ಯಾಕೆ ಹೀಗೆ ಮಂಕು ಬಡಿದಿದೆ?"

"ಬೆಳಕು ಸಾಲ್ತಿಲ್ಲ ಅನ್ಸುತ್ತೆ ಅಕ್ಕ" ಅಂದ ಅಂಗಡಿಯವನು.

"ಬೆಳಕಲ್ಲ ಕಣೋ, ಕೊಳೆ. ಕೊಂಬೆ ಸಂದಿಯಲ್ಲೆಲ್ಲಾ ಧೂಳು ಕೂತಿದೆ ನೋಡು. ಡೆನಿಮ್ ಪ್ಯಾಂಟನ್ನ ಬಕೆಟ್‌ನಲ್ಲಿ ಸುಮ್ನೆ ನೆನೆಹಾಕಿ ಬಿಟ್ರೆ ಒಗೆದ ಹಾಗಾಯ್ತಾ? ಅಲ್ಲಿಗೆ ನೀರೇ ಹೋಗ್ತಿಲ್ಲ."

ರವಿಕೆಯ ತೋಳು ಮಡಚಿ, ವಾಚು ಬಿಚ್ಚಿಟ್ಟು, ಬರೀ ನೀರಿನಲ್ಲಿ ಮೂರು ಸಲ ಕೈ ತೊಳೆದು, ಮೊಳಕೈವರೆಗೆ ತೊಟ್ಟಿಯೊಳಗೆ ಇಳಿಬಿಟ್ಟಳು. ಕಣ್ಣು ಮುಚ್ಚಿದಳು. ಐದಡಿ ಉದ್ದದ ತೊಟ್ಟಿ ಅದು. ನೀರು ಎಲ್ಲಿ ಓಡುತ್ತದೆ, ಎಲ್ಲಿ ಸುಳಿಯುತ್ತದೆ, ಎಲ್ಲಿ ಸತ್ತು ಬಿದ್ದಿದೆ ಅಂತ ಕೈ ಹೇಳಿತು. ತೊಟ್ಟಿಯೊಳಗೆ ನೀರು ತಿರುಗಿಸುವ ಪುಟ್ಟ ಪಂಪನ್ನು ಒಂದಿಷ್ಟು ಮೇಲಕ್ಕೆ, ಒಂದಿಷ್ಟು ಎಡಕ್ಕೆ ತಿರುಗಿಸಿದಳು. ಧೂಳು ಹೊಗೆಯ ಹಾಗೆ ಎದ್ದು ಹೊರಟುಹೋಯಿತು. ಎರಡು ವಾರಕ್ಕೆ ಆ ಕೊಂಬೆಗಳಿಗೆ ಬಣ್ಣ ಬಂತು. ನರಪೇತಲ ಊರೆಲ್ಲ ಹೇಳಿಕೊಂಡು ಬಂದ.

ಅಲ್ಲಿಂದ ಅವಳಿಗೆ ಎರಡನೆಯ ಕಸುಬು ಶುರುವಾಯಿತು. ಭಾನುವಾರ ಬಂದರೆ ಯಾರದೋ ಮನೆಯ ಹಾಲ್‌ನಲ್ಲಿ, ಯಾವುದೋ ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಲಾಂಡ್ರಿ ಅಕ್ಕ ತೋಳು ಮಡಚಿ ನಿಂತಿರುತ್ತಿದ್ದಳು. ಹವಳಗಳ ಉದ್ದುದ್ದ ಹೆಸರು ಅವಳಿಗೆ ಬೇಕಿರಲಿಲ್ಲ. ಅವಳ ಪ್ರಕಾರ ಹವಳದಲ್ಲಿ ಇದ್ದದ್ದು ಮೂರೇ ಜಾತಿ: ರೇಷ್ಮೆ, ಹತ್ತಿ, ಡೆನಿಮ್. ಕೊಂಬೆ ಕೊಂಬೆಯಾಗಿ ಬೆಳೆಯುವ ಗಟ್ಟಿ ಹವಳ ಡೆನಿಮ್. ಅಲ್ಲಿ ನೀರು ಮಗು ಸೆರಗು ಜಗ್ಗಿದ ಹಾಗೆ ಕೈಯನ್ನು ಜಗ್ಗಬೇಕು. ತೊಗಲಿನ ಹಾಗಿರುವುದು ಹತ್ತಿ, ಏನು ಮಾಡಿದರೂ ಬದುಕಿಕೊಳ್ಳುತ್ತದೆ. ಉದ್ದ ಬೆರಳಿನ ಮೆತ್ತನೆಯದು ರೇಷ್ಮೆ. ಒದ್ದೆ ಕೂದಲಿಗೆ ಫ್ಯಾನಿನ ಗಾಳಿ ತಾಕಿದಷ್ಟು ಸಾಕು, ಅದೂ ಬಿಟ್ಟು ಬಿಟ್ಟು. ಕೈ ಒಪ್ಪಿದ ಮೇಲೆ ಅವಳು ಬಟ್ಟೆಗೆ ಗುರುತು ಹಾಕುವ ಶಾಯಿ ಪೆನ್ನು ತೆಗೆದು, ಪಂಪು ಹಿಡಿದುಕೊಂಡಿರುವ ಅಯಸ್ಕಾಂತದ ಸುತ್ತ ಗಾಜಿನ ಹೊರಗಡೆ ಒಂದು ಗೆರೆ ಎಳೆಯುತ್ತಿದ್ದಳು. "ಈ ಗೆರೆ ದಾಟಿಸಿದ್ರೋ, ಮುಂದಿನದಕ್ಕೆ ನಾನು ಜವಾಬ್ದಾರಳಲ್ಲ" ಅನ್ನುತ್ತಿದ್ದಳು. ಯಾರೂ ದಾಟಿಸುತ್ತಿರಲಿಲ್ಲ. ತೊಟ್ಟಿ ಒರೆಸುವವರು ಕೂಡ ಆ ಗೆರೆಯನ್ನು ಬಿಟ್ಟು ಒರೆಸುತ್ತಿದ್ದರು.

ಹೀಗಿರುವಾಗ ಮಗನ ಮದುವೆಯಾಯಿತು. ಸೊಸೆ ಎರಡು ಬೀದಿ ಆಚೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಿರಾಕಿಯ ಮೂಗು, ಕಿವಿ, ಕಣ್ಣಿನ ನಡುವಿನ ಅಂತರ ಅಳೆದು ಫ್ರೇಮು ಕೂರಿಸುವುದು ಅವಳ ಕೆಲಸ. ಮೆಲ್ಲಗೆ ಮಾತಾಡುತ್ತಿದ್ದಳು, ಎದುರಾಡುತ್ತಿರಲಿಲ್ಲ. ಲಾಂಡ್ರಿ ಅಕ್ಕನಿಗೆ ಅವಳು ನೋಡಿದ ದಿನವೇ ಹಿಡಿಸಿದ್ದಳು. "ನಮ್ಮ ಹುಡುಗಿ ಬಾಯಿ ತೆಗೆದ್ರೆ ಮುತ್ತು ಉದುರುತ್ತೆ ಅಂತ ತೆಗೆಯೋದೇ ಇಲ್ಲ" ಅಂತ ಗಿರಾಕಿಗಳ ಮುಂದೆ ಹೊಗಳುತ್ತಿದ್ದಳು.

ಮದುವೆಯಾದ ಎರಡು ತಿಂಗಳಿಗೆ ಸೊಸೆ ತವರಿನಿಂದ ಒಂದು ಗಾಜಿನ ತೊಟ್ಟಿ ತಂದಳು. ಪುಟ್ಟದು, ಒಂದು ಮೊಳ ಉದ್ದ. ಒಳಗೆ ಒಂದು ಕಲ್ಲು, ಕಲ್ಲಿನ ಮೇಲೆ ಒಂದೇ ಹವಳ. ಅಕ್ವೇರಿಯಂ ಅಂಗಡಿಯವರು ಅದಕ್ಕೆ ಟಾರ್ಚ್ ಅನ್ನುತ್ತಾರೆ. ಮೂರು ತಲೆ, ಒಂದೊಂದು ತಲೆಯಿಂದಲೂ ಉದ್ದನೆಯ ಹಸಿರು ಬೆರಳು, ಬೆರಳ ತುದಿಯಲ್ಲಿ ಬಂಗಾರದ ಬಣ್ಣದ ಚುಕ್ಕೆ. ಅವಳೂ ಅವಳ ತಂಗಿಯೂ ಸೇರಿ ಕಾಲೇಜಿನ ದಿನಗಳಲ್ಲಿ ಬೆಳೆಸಿದ್ದು. ತಂಗಿ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗುವಾಗ ಇಬ್ಬರೂ ಅದನ್ನು ಕತ್ತರಿಸಿ ಹಂಚಿಕೊಂಡಿದ್ದರು. ಮನೆ ಬದಲಾಯಿಸುವಾಗ ತಂಗಿಯ ಪಾಲು ಸತ್ತುಹೋಯಿತು. ಅವತ್ತು ಫೋನಿನಲ್ಲಿ ಇಬ್ಬರೂ ಅತ್ತಿದ್ದರು. ಉಳಿದದ್ದು ಇದೊಂದೇ. ಮುಂದಿನ ತಿಂಗಳ ಕೊನೆಗೆ ತಂಗಿ ಬಂದು ಇದರಿಂದ ಒಂದು ತಲೆ ತೆಗೆದುಕೊಂಡು ಹೋಗುವುದು ಅಂತ ಮಾತಾಗಿತ್ತು.

"ರೇಷ್ಮೆ! ಅಪ್ಪಟ ರೇಷ್ಮೆ!" ಅಂತ ಲಾಂಡ್ರಿ ಅಕ್ಕ ಹಿಗ್ಗಿದಳು. ಹಿಗ್ಗಿದವಳು ಹಾಗೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಅಲ್ಲಮ್ಮ, ಇದೇನು ಪಂಪು ಗೋಡೆಗೆ ಮುಖ ಮಾಡಿ ನಿಂತಿದೆ, ಶಿಕ್ಷೆಗೆ ನಿಲ್ಲಿಸಿದ ಹಾಗೆ? ಸರಿ ಮಾಡ್ತೀನಿ ಇರು" ಅಂದಳು. ಸೊಸೆ, "ಅತ್ತೆ, ಅದು ಅಲ್ಲೇ..." ಅನ್ನುವಷ್ಟರಲ್ಲಿ ತೋಳು ಮಡಚಿಯಾಗಿತ್ತು. ಕೈ ಇಳಿಬಿಟ್ಟು, ಕಣ್ಣು ಮುಚ್ಚಿ, ಪಂಪು ತಿರುಗಿಸಿ, ಕೈಗೆ ತಾಕಿದ ನೀರು ಒದ್ದೆ ಕೂದಲಿಗೆ ಫ್ಯಾನಿನ ಗಾಳಿಯಷ್ಟೇ ಆಗುವ ತನಕ ಕೂರಿಸಿದಳು. ಹವಳ ಅವಳ ಕೈಯ ಹಿಂದೆ ಹಾಯಾಗಿ ಬಳುಕುತ್ತಿತ್ತು. ಕೈ ತೆಗೆದು, ಒರೆಸಿ, ಗೆರೆ ಎಳೆದು, ಕೆಳಗೆ ಗಿರಾಕಿ ಕೂಗಿದ್ದರಿಂದ ದಡದಡ ಇಳಿದು ಹೋದಳು.

ಹದಿನೈದು ದಿನಕ್ಕೆ ಒಂದು ತಲೆಯ ಮಾಂಸ ಅಂಚಿನಿಂದ ಬಿಟ್ಟುಕೊಂಡಿತು. ಬಿಳಿ ಮೂಳೆ ಕಾಣಿಸಿತು.

ಲಾಂಡ್ರಿ ಅಕ್ಕ ಬೆಳಗ್ಗೆ ಏಳಕ್ಕೆ ಕೆಳಗಿಳಿದರೆ ಮೇಲೆ ಬರುವಾಗ ರಾತ್ರಿ ಎಂಟು. ಅಷ್ಟರಲ್ಲಿ ತೊಟ್ಟಿಯ ದೀಪ ಆರಿ, ಹವಳ ತನ್ನ ಪಾಡಿಗೆ ಮುದುಡಿ ಮಲಗಿರುತ್ತಿತ್ತು. ಹಗಲಲ್ಲಿ ಅವಳು ಅದನ್ನು ನೋಡುತ್ತಿದ್ದದ್ದು ಭಾನುವಾರ ಮಾತ್ರ, ಅದೂ ನೋಡುವ ಮೊದಲೇ ಕೈ ಇಳಿಬಿಟ್ಟು. ಕೈ ಇಟ್ಟ ಕೂಡಲೇ ನೀರು ಸರಿಯಾಗಿರುತ್ತಿತ್ತು. ಹತ್ತು ನಿಮಿಷಕ್ಕೆ ಉಳಿದೆರಡು ತಲೆಗಳೂ ಅರಳಿ ಬಳುಕುತ್ತಿದ್ದವು. "ಹರಿವಿನಲ್ಲಿ ಏನೂ ದೋಷ ಇಲ್ಲ. ಉಪ್ಪು ನೋಡು" ಅಂದಳು. ಸೊಸೆ ಉಪ್ಪು ಅಳೆದು ಸರಿ ಮಾಡಿದಳು. ಮುಂದಿನ ಭಾನುವಾರ, "ದೀಪ ಜಾಸ್ತಿಯಾಯ್ತು" ಅಂದಳು. ಸೊಸೆ ದೀಪ ಎತ್ತರಿಸಿದಳು. ಆಮೇಲೆ ಆಹಾರ, ಆಮೇಲೆ ಕಿಟಕಿಯ ಬಿಸಿಲು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಲಾಂಡ್ರಿ ಅಕ್ಕನಿಗೆ ಆ ಗಾದೆ ಚೆನ್ನಾಗಿ ಗೊತ್ತಿತ್ತು, ತನ್ನನ್ನು ಬಿಟ್ಟು ಎಲ್ಲರಿಗೂ ಅನ್ವಯಿಸುತ್ತಿದ್ದಳು. ಅಷ್ಟರಲ್ಲಿ ಮೊದಲನೆಯ ತಲೆ ಪೂರ್ತಿ ಮೂಳೆಯಾಯಿತು. ಎರಡನೆಯದರ ಅಂಚು ಬಿಳುಚಿತು. ತಂಗಿ ಬರಲು ಹನ್ನೆರಡು ದಿನ ಉಳಿದಿತ್ತು. ಎರಡನೆಯದೂ ಹೋದರೆ ಉಳಿಯುವುದು ಒಂದು, ಒಂದನ್ನು ಇಬ್ಬರಿಗೆ ಹಂಚಲಾಗುವುದಿಲ್ಲ.

ಆ ದಿನ ಮಧ್ಯಾಹ್ನ ದೊಡ್ಡ ಮೆಷಿನ್ನಿನ ಬೆಲ್ಟು ಪಟ್ಟಂತ ಹರಿಯಿತು. ಹೊಸ ಬೆಲ್ಟು ಮೇಲಿನ ಹಾಲ್‌ನ ಕಪಾಟಿನಲ್ಲಿತ್ತು. ಲಾಂಡ್ರಿ ಅಕ್ಕ ಬೈದುಕೊಳ್ಳುತ್ತಾ ಮೆಟ್ಟಿಲು ಹತ್ತಿದಳು. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ತಳ್ಳಿದರೆ, ಕನ್ನಡಕದ ಅಂಗಡಿಯಲ್ಲಿ ಇರಬೇಕಾದ ಸೊಸೆ ತೊಟ್ಟಿಯ ಮುಂದೆ ನಿಂತಿದ್ದಾಳೆ. ಭುಜದವರೆಗೆ ತೋಳು ಮಡಚಿ, ಮೊಳಕೈವರೆಗೆ ನೀರಿನಲ್ಲಿ ಕೈ. ಅಂಗೈ ಅಗಲಿಸಿ, ಗೋಡೆಯ ಹಾಗೆ ಅಡ್ಡ ಹಿಡಿದಿದ್ದಾಳೆ. ಹಣೆಯನ್ನು ಗಾಜಿಗೆ ಒರಗಿಸಿದ್ದಾಳೆ, ಕಣ್ಣು ಗಡಿಯಾರದ ಮೇಲೆ. ಪಕ್ಕದ ಸ್ಟೂಲಿನ ಮೇಲೆ ಬಿಚ್ಚದ ಊಟದ ಡಬ್ಬಿ.

ಲಾಂಡ್ರಿ ಅಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಹುಡುಗಿ ಪಂಪು ಮುಟ್ಟಿರಬೇಕು! ಗೆರೆ ನೋಡಿದಳು. ಅಯಸ್ಕಾಂತ ಗೆರೆಯೊಳಗೆ ಕೂದಲೆಳೆಯಷ್ಟೂ ಕದಲದೆ ಕೂತಿತ್ತು.

"ಏನಮ್ಮ ಮಾಡ್ತಾ ಇದ್ದೀಯ?"

ಸೊಸೆ ಬೆಚ್ಚಿದಳು, ಆದರೆ ಕೈ ತೆಗೆಯಲಿಲ್ಲ. "ಅರ್ಧ ಗಂಟೆ ಆದ್ರೂ ಅರಳಲಿ ಅಂತ ಅತ್ತೆ. ಕೈ ಇಟ್ಟಾಗ ಮಾತ್ರ ಅರಳುತ್ತೆ."

"ತೆಗಿ ನೋಡೋಣ ಕೈ."

ಸೊಸೆ ತೆಗೆದಳು. ಪಂಪಿನ ನೀರು ನೆಟ್ಟಗೆ ಬಂದು ಹವಳಕ್ಕೆ ಬಡಿಯಿತು. ಬೆರಳುಗಳೆಲ್ಲ ಒಂದೇ ಕಡೆಗೆ ಮಲಗಿದವು, ಬಿರುಗಾಳಿಗೆ ಸಿಕ್ಕಿದ ತಂತಿಯ ಮೇಲಿನ ಬಟ್ಟೆಯ ಹಾಗೆ. ಎದ್ದು ನಿಲ್ಲಲೇ ಇಲ್ಲ. ನೋಡನೋಡುತ್ತಿದ್ದಂತೆ ಮುದುಡತೊಡಗಿದವು. ಲಾಂಡ್ರಿ ಅಕ್ಕ ತನ್ನ ತೋಳು ಮಡಚಿ, ಕೈ ತೊಳೆದು, ಒಳಗಿಟ್ಟಳು. ಬಡಿತ ನಿಂತಿತು, ಹವಳ ಬಳುಕಿತು. ತೆಗೆದಳು. ಮಲಗಿತು. ಇನ್ನೊಮ್ಮೆ ಇಟ್ಟಳು, ತೆಗೆದಳು. ಮೂರನೆಯ ಸಲ ಇಡಲು ಅವಳಿಗೆ ಧೈರ್ಯ ಬರಲಿಲ್ಲ.

ಐದಡಿ ತೊಟ್ಟಿಯಲ್ಲಿ ಅವಳ ಕೈ ನೀರಿಗೆ ಲೆಕ್ಕಕ್ಕಿಲ್ಲ, ಸುತ್ತಿಕೊಂಡು ಹೋಗುತ್ತದೆ. ಒಂದು ಮೊಳದ ತೊಟ್ಟಿಯಲ್ಲಿ ಒಂದು ಮೊಳದ ಕೈ ಇಟ್ಟರೆ ಅದೇ ಅಣೆಕಟ್ಟು. ಅವಳು ಅಳೆದದ್ದು ತನ್ನ ಕೈ ಒಡೆದು ಪಳಗಿಸಿದ ನೀರನ್ನು. ಕೈ ತೆಗೆದ ಮೇಲೆ ಹವಳಕ್ಕೆ ತಾಕುವ ನೀರನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಅಂಗೈಯೇ ಸುಳ್ಳು ಹೇಳಿದರೆ ಯಾವ ಕನ್ನಡಿ ತರುವುದು?

"ನಿಂಗೆ ಇದು ಗೊತ್ತಾಗಿ ಎಷ್ಟು ದಿನ ಆಯ್ತು?"

"ಹದಿನೆಂಟು ದಿನ."

"ದಿನಾ ಹೀಗೆ ಬರ್ತಿದ್ದೀಯಾ? ಊಟ ಬಿಟ್ಟು?"

"ಆಮೇಲೆ ನಡ್ಕೊಂಡು ಹೋಗ್ತಾ ತಿಂತೀನಿ ಅತ್ತೆ."

"ಅಯ್ಯೋ ನನ್ನ ಕರ್ಮವೇ! ಆ ಪಂಪನ್ನ ಆಚೆ ತಿರುಗಿಸೋಕೆ ಏನಾಗಿತ್ತು ನಿಂಗೆ? ಅದು ನಿನ್ನ ಹವಳ ಕಣೇ!"

ಸೊಸೆ ತಲೆ ತಗ್ಗಿಸಿದಳು. "ನೀವು ಗೆರೆ ಹಾಕಿದ್ರಲ್ಲ."

ಹವಳ ಸತ್ತದ್ದಕ್ಕಿಂತ ಆ ಮಾತು ಲಾಂಡ್ರಿ ಅಕ್ಕನಿಗೆ ಹೆಚ್ಚು ಚುಚ್ಚಿತು. ಈ ಹುಡುಗಿ ತನ್ನ ಪ್ರಾಣದಂಥ ವಸ್ತು ದಿನದಿನಕ್ಕೆ ಮೂಳೆಯಾಗುವುದನ್ನು ನೋಡುತ್ತಾ, ಅಂಗೈ ಅಡ್ಡ ಹಿಡಿದು ನಿಂತಿದ್ದಳೇ ಹೊರತು ಅತ್ತೆಗೆ ತಪ್ಪಾಗಿದೆ ಅಂತ ಹೇಳುವ ಧೈರ್ಯ ಮಾಡಿರಲಿಲ್ಲ. ಅಂಥ ಮನೆ ಕಟ್ಟಿದ್ದು ಯಾರು? ಬಾಯಿ ತೆಗೆಯದ ಸೊಸೆ ಅಂತ ಬೀದಿಯಲ್ಲಿ ಹೊಗಳಿಕೊಂಡಿದ್ದು ಯಾರು? ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಅಭ್ಯಾಸ ಇಲ್ಲದಿದ್ದರಿಂದ ಕಿವಿಯೆಲ್ಲ ಬಿಸಿಯಾಯಿತು.

ಬೆಲ್ಟು ಹುಡುಕಿಕೊಂಡು ಗಂಡ ಮೇಲೆ ಬಂದ. ಇಬ್ಬರ ಮುಖ ನೋಡಿದ, ತೊಟ್ಟಿ ನೋಡಿದ, ಅರ್ಥ ಮಾಡಿಕೊಂಡ.

"ರೀ, ನಿಮಗೂ ಗೊತ್ತಿತ್ತಾ?"

"ಗೊತ್ತಿತ್ತು. ಇವಳು ಬಂದು ಹೇಳಿದ್ಲು."

"ಮತ್ತೆ ನೀವಾದ್ರೂ ನನಗೆ ಹೇಳಬಾರದಿತ್ತಾ?"

"ಹೇಳೋಕೆ ಎರಡು ಸಲ ಬಂದೆ. ಎರಡು ಸಲನೂ ಉಪ್ಪಿನ ಬಗ್ಗೆ ನೀನೇ ನನಗೆ ಹೇಳಿ ಕಳಿಸಿದೆ" ಅಂದ ಗಂಡ, ಬೆಲ್ಟು ತೆಗೆದುಕೊಂಡು ಇಳಿದುಹೋದ.

ಲಾಂಡ್ರಿ ಅಕ್ಕ ಕೆಳಗೆ ಹೋಗಿ ಕಲೆ ತೆಗೆಯುವ ಸ್ಪಿರಿಟ್ಟು ಮತ್ತು ಒಂದು ಬಟ್ಟೆ ತಂದಳು. ಗಾಜಿನ ಮೇಲಿನ ಗೆರೆಯನ್ನು ಉಜ್ಜಿ ಉಜ್ಜಿ ಅಳಿಸಿದಳು. ಒಂದು ಕುರ್ಚಿ ಎಳೆದು ಕೋಣೆಯ ಆಚೆ ತುದಿಗೆ ಹಾಕಿಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

"ಈಗ ನೀನು ತಿರುಗಿಸು. ನಾನು ಬಾಯಿ ಹಾಕಲ್ಲ."

ಸೊಸೆ ಹಿಂದೆ ತಿರುಗಿ ತಿರುಗಿ ನೋಡುತ್ತಾ ಪಂಪನ್ನು ಮೂಲೆಯ ಗಾಜಿನ ಕಡೆಗೆ ತಿರುಗಿಸಿದಳು. ನೀರು ಗಾಜಿಗೆ ಬಡಿದು ಒಡೆಯಿತು. ಒಡೆದು ಎರಡು ಕಡೆಯಿಂದಲೂ ಸುತ್ತಿಕೊಂಡು, ಏಟೆಲ್ಲ ಕಳೆದುಕೊಂಡು ಹವಳದ ಹತ್ತಿರ ಬಂತು. ಅವಳು ಕೈ ತೆಗೆದು, ಮೂರು ಹೆಜ್ಜೆ ಹಿಂದೆ ಬಂದು, ಅತ್ತೆಯ ಕುರ್ಚಿಯ ಪಕ್ಕ ನಿಂತಳು. ಬೆರಳುಗಳು ಎಡಕ್ಕೆ ಬಾಗಿದವು. ಅವಳು ಮೆಲ್ಲಗೆ ಎಣಿಸಿದಳು, "ಒಂದು, ಎರಡು, ಮೂರು, ನಾಲ್ಕು..." ಆರಕ್ಕೆ ಅವು ಮತ್ತೆ ಎದ್ದವು.

"ಇನ್ನೂ ಸ್ವಲ್ಪ ಜಾಸ್ತಿ ಇದೆ. ನಾಲ್ಕು ಎಣಿಸೋದ್ರೊಳಗೆ ವಾಪಸ್ ಎದ್ದು ನಿಲ್ಲಬೇಕು" ಅಂದಳು. ಪಂಪಿನ ವೇಗ ಒಂದು ಗೀಟು ಇಳಿಸಿದಳು. ಮತ್ತೆ ಹಿಂದೆ ಬಂದಳು. "ನಮ್ಮ ಅಂಗಡೀಲೂ ಹೀಗೇ ಅತ್ತೆ. ಗಿರಾಕಿ ಕಿವಿ ಹತ್ರ ಫ್ರೇಮ್ ಹಿಡ್ಕೊಂಡಿರೋವರೆಗೂ ಅದು ಸರಿಯಾಗೇ ಕೂತಿರುತ್ತೆ. ಕೈ ಬಿಟ್ಟು, ಅವರನ್ನ ನಾಲ್ಕು ಹೆಜ್ಜೆ ನಡೆಸಿ ನೋಡಿದ್ರೇನೇ ಗೊತ್ತಾಗೋದು."

ಆ ಮನೆಗೆ ಬಂದ ಮೇಲೆ ಅವಳು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅದು. ಲಾಂಡ್ರಿ ಅಕ್ಕ, "ಹೂಂ" ಅಂದಳು. ಹೇಳಲು ಬಾಯಿ ತುಂಬ ಇತ್ತು, ನುಂಗಿಕೊಂಡಳು. ಸೊಸೆ ಒಂದು ಚಿಟಿಕೆ ಸೀಗಡಿ ಪುಡಿ ಹಾಕಿದಳು. ಪುಡಿ ಓಡಿಹೋಗಲಿಲ್ಲ, ದೊಪ್ಪನೆ ತಳಕ್ಕೂ ಬೀಳಲಿಲ್ಲ. ಹವಳದ ಮೇಲೆ ಒಂದು ಸುತ್ತು ಸುತ್ತಿ, ನಿಧಾನವಾಗಿ ಇಳಿಯಿತು. ಗಟ್ಟಿಯಾಗಿದ್ದ ಮೂರನೆಯ ತಲೆಯ ಒಂದು ಬೆರಳು ಅದನ್ನು ಹಿಡಿದು ಬಾಯಿಗಿಟ್ಟುಕೊಂಡಿತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು. ಆಮೇಲೆ ಲಾಂಡ್ರಿ ಅಕ್ಕ ಡಬ್ಬಿ ಬಿಚ್ಚಿ ಸೊಸೆಯ ಕೈಗೆ ಕೊಟ್ಟು, "ಮೊದ್ಲು ಊಟ ಮಾಡು" ಅಂದಳು. ಅದು ಮಾತ್ರ ಅಪ್ಪಣೆಯೇ ಆಗಿತ್ತು.

ತಪ್ಪು ಮಾಡಿದ ಮೇಲೆ ಮೂಲೆ ಸೇರಿ ಮುಸುಕು ಹಾಕಿಕೊಳ್ಳುವ ಜಾತಿಯವಳಲ್ಲ ಅವಳು. ಊರಿನಲ್ಲಿ ತಾನು ಗೆರೆ ಎಳೆದ ಸಣ್ಣ ತೊಟ್ಟಿಗಳು ಯಾವುವು ಅಂತ ನೆನಪು ಮಾಡಿಕೊಂಡಳು. ಮೂರು ಇದ್ದವು. ಆ ಭಾನುವಾರ ಸ್ಪಿರಿಟ್ಟಿನ ಬಾಟಲಿ ಚೀಲಕ್ಕೆ ಹಾಕಿಕೊಂಡು, ಸೊಸೆಯನ್ನು ಕರೆದುಕೊಂಡು ಹೊರಟಳು. ಬಾಗಿಲು ತೆಗೆದವರ ಮುಂದೆ, "ನಿಮ್ಮ ಟ್ಯಾಂಕಿಗೆ ನಾನು ತಪ್ಪು ಹರಿವು ಇಟ್ಟಿದ್ದೆ, ಸರಿ ಮಾಡೋಕೆ ಬಂದಿದ್ದೀನಿ. ಇವಳು ನೋಡ್ತಾಳೆ" ಅಂತ, ಒಗೆದ ಬಟ್ಟೆಯ ಗಂಟು ಒಪ್ಪಿಸುವಷ್ಟೇ ಗಟ್ಟಿ ದನಿಯಲ್ಲಿ ಹೇಳುತ್ತಿದ್ದಳು. ಎರಡು ಕಡೆ ಹತ್ತಿಯ ಜಾತಿ, ಏನೂ ಆಗಿರಲಿಲ್ಲ. ಮೂರನೆಯ ಮನೆಯಲ್ಲಿ ಒಬ್ಬ ಅಂಚೆಯವ ತನ್ನ ಹವಳ ಐದು ತಿಂಗಳಿಂದ ಒಂದೇ ಕಡೆ ವಾಲಿಕೊಂಡಿರುವುದನ್ನು ತೋರಿಸಿ, "ಇದರ ಸ್ವಭಾವವೇ ಹೀಗೆ ಅಂದ್ಕೊಂಡಿದ್ದೆ ಅಕ್ಕ. ನೀವು ಗೆರೆ ಹಾಕಿದ್ರಲ್ಲ" ಅಂದ. ಲಾಂಡ್ರಿ ಅಕ್ಕ ಸೊಸೆಯ ಮುಖ ನೋಡಿದಳು. ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕಳು. ಅಂಚೆಯವನಿಗೆ ಏನೂ ತಿಳಿಯದೆ ತಾನೂ ನಕ್ಕ.

ಅಲ್ಲಿಂದ ಮುಂದೆ ಅವಳು ದಿನಕ್ಕೆರಡು ಸಲ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿಲ ಹತ್ತಿರವೇ ನಿಂತು, ಹವಳವನ್ನು ನೋಡಿ, ನಾಲ್ಕು ಎಣಿಸಿ ಹೋಗುತ್ತಿದ್ದಳು. ಎರಡನೆಯ ತಲೆ ನಾಲ್ಕು ದಿನ ಏನೂ ಹೇಳಲಿಲ್ಲ. ಐದನೆಯ ದಿನ ಮಾಂಸ ಕೊಂಚ ಉಬ್ಬಿತು. ಒಂಬತ್ತನೆಯ ದಿನ ಮೊಂಡು ಮೊಂಡಾಗಿ ಏಳೆಂಟು ಬೆರಳು ಹೊರಗೆ ಬಂದವು. ಸೊಸೆ ಕೆಲಸದಿಂದ ಬಂದು ನೋಡಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮೊದಲನೆಯದು ಹೋದದ್ದು ಹೋಯಿತು. ಎರಡು ಉಳಿದವು.

ಹನ್ನೆರಡನೆಯ ದಿನ ತಂಗಿ ಬಂದಳು. ಅಕ್ಕ ಎಷ್ಟು ಮೌನವೋ ತಂಗಿ ಅಷ್ಟು ವಾಚಾಳಿ. ಥರ್ಮಕೋಲ್ ಪೆಟ್ಟಿಗೆ ಕೆಳಗಿಡುವ ಮೊದಲೇ ತೊಟ್ಟಿಯ ಹತ್ತಿರ ಓಡಿದಳು. "ಮೂರಿತ್ತಲ್ಲ? ಇದೇನಾಯ್ತು? ಯಾರು ಹೀಗೆ ಮಾಡಿದ್ದು?"

ಸೊಸೆ, "ಸಾಗಿಸುವಾಗ ಏನೋ..." ಅಂತ ಶುರು ಮಾಡಿದಳು.

"ಸುಳ್ಳು ಹೇಳ್ಬೇಡ" ಅಂದಳು ಲಾಂಡ್ರಿ ಅಕ್ಕ. "ನಾನಮ್ಮ ಮಾಡಿದ್ದು. ಸರಿಯಾಗಿ ನಿಂತಿದ್ದ ಪಂಪನ್ನ ನಾನೇ ತಿರುಗಿಸಿ ಒಂದು ತಲೆ ಕೊಂದೆ. ಎರಡು ಉಳಿದಿದ್ದು ನಿನ್ನ ಅಕ್ಕನಿಂದ. ಹದಿನೆಂಟು ದಿನ ಊಟ ಬಿಟ್ಟು ಕೈ ಅಡ್ಡ ಹಿಡಿದಿದ್ದಾಳೆ."

ಗಂಡ ಸಣ್ಣ ಗರಗಸ ತಂದ, ಮಗ ಟವೆಲು ಹಾಸಿದ. ಸೊಸೆ ಹವಳವನ್ನು ಕಲ್ಲಿನಿಂದ ಬಿಡಿಸಿ ಮೇಲೆತ್ತಿ, ಎರಡು ತಲೆಗಳ ನಡುವಿನ ಮೂಳೆಯ ಮೇಲೆ ಬೆರಳಿಟ್ಟು ನೋಡಿದಳು. "ಗಟ್ಟಿಯಾಗಿರೋದು ನಿಂಗೆ. ಹೊಸದಾಗಿ ಚಿಗುರಿರೋದು ನಂಗಿರಲಿ" ಅಂದಳು ತಂಗಿಗೆ.

ಲಾಂಡ್ರಿ ಅಕ್ಕನಿಗೆ ತಡೆಯಲಾಗಲಿಲ್ಲ. ಗಟ್ಟಿಯಾದದ್ದು ತನ್ನ ಸೊಸೆಗೇ ಉಳಿಯಲಿ ಅನ್ನುವ ಆಸೆ ಹೊಟ್ಟೆಯಿಂದ ನೇರ ನಾಲಿಗೆಗೆ ಬಂತು. "ಬೇಡಮ್ಮ, ನನ್ನ ಮಾತು ಕೇಳು. ಆ ಗಟ್ಟಿಯಾದ್ದನ್ನ ನೀನೇ ಇಟ್ಕೋ. ನಾಜೂಕಾದ್ದು ಹೇಗೂ..."

"ಅತ್ತೆ, ನೀವು ಸ್ವಲ್ಪ ಸುಮ್ನಿರಿ" ಅಂದಳು ಸೊಸೆ. ದನಿ ಏರಿಸಲಿಲ್ಲ, ಹವಳದಿಂದ ಕಣ್ಣೂ ಎತ್ತಲಿಲ್ಲ. "ನಾಜೂಕಾದ್ದು ಪ್ರಯಾಣ ತಡೆಯಲ್ಲ. ಅದು ಇಲ್ಲೇ ಇರ್ಬೇಕು."

ಮಗ ಹಾಸಿದ ಟವೆಲಿನ ಅಂಚು ಹಿಡಿದುಕೊಂಡೇ ನಿಂತ. ಗಂಡ ಗರಗಸ ಹಿಡಿದವನು ಚಾವಣಿ ನೋಡಿದ. ಆ ಮನೆಯಲ್ಲಿ ಯಾರೂ ಯಾವತ್ತೂ ಆ ಮಾತು ಆಡಿರಲಿಲ್ಲ. ಲಾಂಡ್ರಿ ಅಕ್ಕ ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು. ಹುಡುಗಿ ಹೇಳಿದ್ದು ಸರಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಹೆದರದೆ ಹೇಳಿದ್ದಳು. ಅತ್ತೆಗೆ ಎಲ್ಲಿಲ್ಲದ ಸಂತೋಷವಾಯಿತು, ಕಣ್ಣಲ್ಲಿ ನೀರೇ ಬಂತು.

"ಸರಿ, ಸುಮ್ನಿರ್ತೀನಿ" ಅಂದಳು. "ನಾನೇನು ಮಾಡ್ಲಿ, ಹೇಳು."

"ಆ ಉಪ್ಪುನೀರಿನ ಬಕೆಟ್ ಹಿಡ್ಕೊಳ್ಳಿ."

ಲಾಂಡ್ರಿ ಅಕ್ಕ ಬಕೆಟ್ಟು ಎತ್ತಿ ಸೊಸೆಯ ಪಕ್ಕಕ್ಕೆ ಹೋಗಿ ನಿಂತಳು.